ಮೈಸೂರಿನ ಸಂಜೆ ಸವಾರಿ ನೋಡಿ ಬಂದ ಮೇಲೆ: ಮಡಿಕೇರಿಯಲ್ಲೂ ಇಂಥದ್ದು ಆಗಬಹುದೇ?

ಹಾಕತ್ತೂರಿನವ:

ಎಲ್ಲರಿಗೂ ನಮಸ್ಕಾರ. ಅವ್ವನ ಕಣ್ಣಿನ ಪೊರೆಯ ತಪಾಸಣೆಗೆಂದು ಶನಿವಾರ ಮೈಸೂರಿಗೆ ಹೋಗಿದ್ದೆವು. ಕೆಲಸ ಅಂದೇ ಮುಗಿದರೂ, ಭಾನುವಾರ ಅರಮನೆಯ ದೀಪ ನೋಡಿಯೇ ಹೊರಡುವುದೆಂದು ಅವ್ವ ಹಠ ಹಿಡಿದರು. ನಾವು ಉಳಿದುಕೊಂಡಿದ್ದ ಕಡೆಯವರು ಒಬ್ಬ ಮಾರ್ಗದರ್ಶಿಯನ್ನೂ ಒಂದು ಟಾಂಗಾವನ್ನೂ ಗೊತ್ತುಮಾಡಿಕೊಟ್ಟರು. ಸಂಜೆ 5.30ಕ್ಕೆ ಹೊರಟು, ಸರಿಯಾಗಿ 7 ಗಂಟೆಗೆ ಅರಮನೆಯ ಜಯಮಾರ್ತಾಂಡ ದ್ವಾರದ ಎದುರು ಬಂದು ನಿಲ್ಲುವುದು ಎಂಬುದು ಒಪ್ಪಂದ.

ಟಾಂಗಾದಲ್ಲಿ ನಾನು ಹಿಂದಕ್ಕೆ ಮುಖ ಮಾಡಿ ಕುಳಿತಿದ್ದೆ. ಹಾಗೆ ಕುಳಿತವನಿಗೆ ಕಟ್ಟಡವೊಂದು ಎದುರಿನಿಂದ ಬರುವುದು ಕಾಣಿಸುವುದಿಲ್ಲ. ಪಕ್ಕದಲ್ಲಿ ಥಟ್ಟನೆ ಎದ್ದುನಿಂತು, ಆಮೇಲೆ ನಿಧಾನವಾಗಿ ಚಿಕ್ಕದಾಗುತ್ತಾ ಹೋಗುತ್ತದೆ. ಚಾಮರಾಜ ವೃತ್ತದ ಚಿನ್ನದ ಬಣ್ಣದ ಗೋಪುರ ಹಾಗೆ ದೂರ ಸರಿಯುವಾಗ ಅದರ ಮೇಲೆ ಇನ್ನೂ ಬಿಸಿಲಿತ್ತು, ಕೆಳಗೆ ರಸ್ತೆಯಲ್ಲಿ ಆಗಲೇ ವಾಹನಗಳ ದೀಪ ಹೊತ್ತಿದ್ದವು. ಕೃಷ್ಣರಾಜ ವೃತ್ತದಲ್ಲಿ ಹತ್ತು ನಿಮಿಷ ಸಿಕ್ಕಿಕೊಂಡೆವು. ಮಾರ್ಗದರ್ಶಿ ಆ ಹತ್ತು ನಿಮಿಷವನ್ನು ವ್ಯರ್ಥ ಮಾಡಲಿಲ್ಲ. ಹಳೆಯ ಮರದ ಅರಮನೆಯು 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಹೊತ್ತಿ ಉರಿದದ್ದನ್ನೂ, ಅದರಿಂದ ಪಾಠ ಕಲಿತು ಹೊಸ ಅರಮನೆಗೆ ಕಲ್ಲು, ಇಟ್ಟಿಗೆ, ಕಬ್ಬಿಣವನ್ನು ಬಳಸಿದ್ದನ್ನೂ, ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳು ಗ್ಲಾಸ್ಗೋದಿಂದ ಹಡಗಿನಲ್ಲಿ ಬಂದದ್ದನ್ನೂ, 1912ರಲ್ಲಿ ಕೆಲಸ ಮುಗಿದಾಗ ಖರ್ಚು 41,47,913 ರೂಪಾಯಿ ಆಗಿದ್ದನ್ನೂ ಮೈಕಿನ ಹಂಗಿಲ್ಲದೆ, ಮನೆಯ ಜಗಲಿಯಲ್ಲಿ ಕುಳಿತು ಹೇಳುವಂತೆ ಹೇಳಿದರು. ಕಡೆಯ ಆ ಹದಿಮೂರು ರೂಪಾಯಿಯನ್ನೂ ಬಿಡದೆ ಲೆಕ್ಕವಿಟ್ಟಿದ್ದು ಅವ್ವನಿಗೆ ಬಹಳ ಮೆಚ್ಚುಗೆಯಾಯಿತು.

ದೇವರಾಜ ಮಾರುಕಟ್ಟೆಯ ಹತ್ತಿರ ಮಲ್ಲಿಗೆಯ ಕಂಪು, ಎದುರಿಗೆ 1886ರಲ್ಲಿ ಕಟ್ಟಿದ ದೊಡ್ಡ ಗಡಿಯಾರ, ಅಲ್ಲಿಂದ ಮುಂದೆ ಅರಮನೆಯ ಮುಂಭಾಗ. ಏಳು ಗಂಟೆಗೆ ಇಡೀ ಅರಮನೆ ಒಂದೇ ಗಳಿಗೆಯಲ್ಲಿ ಹೊತ್ತಿಕೊಂಡಿತು. ಸುತ್ತಲಿನವರೆಲ್ಲ ಫೋನ್ ಎತ್ತಿ ಹಿಡಿದರು. ಪೊರೆ ಬಂದ ಕಣ್ಣಿನ ಅವ್ವ ಮಾತ್ರ ಸುಮ್ಮನೆ ನೋಡುತ್ತಿದ್ದರು. ಪ್ರತಿಯೊಂದು ದೀಪದ ಸುತ್ತಲೂ ತಮಗೆ ಒಂದೊಂದು ಬಳೆ ಕಾಣಿಸುತ್ತಿದೆ, ಶಸ್ತ್ರಚಿಕಿತ್ಸೆಯಾದ ಮೇಲೆ ಇದು ಕಾಣಿಸದೇ ಹೋದರೆ ನಷ್ಟವಲ್ಲವೇ ಎಂದರು.

ಮರಳುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಕೋಟೆ, ಅರಸರ ಸಮಾಧಿಗಳಿರುವ ಗದ್ದಿಗೆ, ಓಂಕಾರೇಶ್ವರನ ಗುಡಿ, ಕಣಿವೆ ಕಾಣುವ ರಾಜಾಸೀಟು ಎಲ್ಲವೂ ಕೂಗಳತೆಯಲ್ಲಿರುವ ನಮ್ಮ ಮಡಿಕೇರಿಯಲ್ಲಿ ಇಂಥ ಒಂದೂವರೆ ಗಂಟೆಯ ಸಂಜೆ ಸವಾರಿ ಏಕೆ ಆಗಬಾರದು? ತಿಳಿದವರು ದಯವಿಟ್ಟು ಬರೆಯಿರಿ.

ಕುಶಾಲನಗರದ ಸೊಸೆ:

ಅಣ್ಣ, ನಿಮ್ಮ ಬರಹ ಓದಿ ನಮ್ಮ ದಸರೆಯ ಪ್ರಯಾಣ ನೆನಪಾಯಿತು. ನಾವು ಹೋದದ್ದು ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ‘ಅಂಬಾರಿ’ಯಲ್ಲಿ, ಅಂದರೆ ಮೇಲಂತಸ್ತು ತೆರೆದಿರುವ ಎರಡಂತಸ್ತಿನ ಬಸ್ಸಿನಲ್ಲಿ. ದಸರೆಯ ದಿನಗಳಲ್ಲಿ ಬೀದಿಬೀದಿಗೂ ದೀಪಾಲಂಕಾರವಿರುವುದರಿಂದ ಆ ಎತ್ತರಕ್ಕೆ ತನ್ನದೇ ಬೆಲೆ ಇದೆ. ನೆಲದ ಮೇಲೆ ನಡೆಯುವವನಿಗೆ ಅಂಗಡಿಯ ಫಲಕಗಳಷ್ಟೇ ಕಾಣುತ್ತವೆ. ಬಸ್ಸಿನ ಮೇಲೆ ಕುಳಿತವನಿಗೆ ಅದೇ ಕಟ್ಟಡದ ಮಹಡಿಯ ಕಮಾನು, ಗಾರೆಯ ಹೂಬಳ್ಳಿ, ಹಳೆಯ ಕಿಟಕಿಗಳ ಬಣ್ಣದ ಗಾಜು ಕಣ್ಣಿನ ಮಟ್ಟಕ್ಕೆ ಬರುತ್ತವೆ. ನನ್ನ ಮಕ್ಕಳು ಇವತ್ತಿಗೂ ನೆನಪಿಸಿಕೊಳ್ಳುವುದು ಅರಮನೆಯನ್ನಲ್ಲ, ತಲೆಯ ಮೇಲೆಯೇ ಹಾದುಹೋದ ದೀಪದ ತೋರಣಗಳನ್ನು.

ಒಂದೇ ಮಾತು: ದಸರೆಗೆ ಹೋಗುವವರು ಟಿಕೆಟ್ಟನ್ನು ಮೊದಲೇ ಕಾಯ್ದಿರಿಸಿ, ಜೊತೆಗೊಂದು ಶಾಲು ಇಟ್ಟುಕೊಳ್ಳಿ. ಕೊಡಗಿನವರಿಗೆ ಮೈಸೂರಿನ ಚಳಿ ಏನು ಮಹಾ ಎಂದುಕೊಂಡು ಹೋದ ನಮ್ಮ ಮಾವನವರು ಮರುದಿನ ಕಷಾಯ ಕುಡಿಯಬೇಕಾಯಿತು.

ವಿರಾಜಪೇಟೆಯ ಮೇಷ್ಟ್ರು:

ಹಾಕತ್ತೂರಿನ ಗೆಳೆಯರ ಬರಹ ಸೊಗಸಾಗಿದೆ. ಆದರೆ ಮೇಷ್ಟ್ರಾದವನು ಕೆಂಪು ಶಾಯಿ ಬಳಸದೆ ಇರಲಾರ. ತಾವು 1886ರದು ಎಂದು ಬರೆದಿರುವುದು ದೊಡ್ಡ ಗಡಿಯಾರವಲ್ಲ. ಅದು ಮಾರುಕಟ್ಟೆಯ ಎದುರಿಗಿರುವ ಚಿಕ್ಕ ಗಡಿಯಾರ, ಲಾರ್ಡ್ ಡಫರಿನ್ ಹೆಸರಿನದು. ದೊಡ್ಡ ಗಡಿಯಾರವು ಪುರಭವನದ ಹತ್ತಿರ ಇದ್ದು, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಕಟ್ಟಿದ್ದು. ಅದರ ಮುಖದ ಮೇಲೆ ಕನ್ನಡ ಅಂಕಿಗಳಿವೆ. ಮುಂದಿನ ಸಲ ಹೋದಾಗ ಅವ್ವನಿಗೆ ತಪ್ಪದೇ ತೋರಿಸಿ. ಎರಡರ ನಡುವೆ ನಲವತ್ತೊಂದು ವರ್ಷಗಳ ಅಂತರವಿದೆ. ನಡೆದು ಹೋದರೆ ಮಾತ್ರ ಕೆಲವೇ ನಿಮಿಷ!

ಈ ತಪ್ಪು ತಮ್ಮದೋ ಮಾರ್ಗದರ್ಶಿಯದೋ ನಾನರಿಯೆ. ಆದರೆ ಸಂಜೆ ಸವಾರಿಯ ಸ್ವಭಾವವೇ ಅಂಥದ್ದು. ಹಗಲಿನಲ್ಲಿ ಫಲಕ ಓದಿ ಸರಿಪಡಿಸಿಕೊಳ್ಳಬಹುದು. ಕತ್ತಲಾದ ಮೇಲೆ ಕೇಳಿದ್ದೇ ಇತಿಹಾಸ. ಆದ್ದರಿಂದ ಸಂಜೆ ಮಾತನಾಡುವವನು ಹಗಲಿನವನಿಗಿಂತ ಹೆಚ್ಚು ಓದಿಕೊಂಡಿರಬೇಕು.

ಇನ್ನೊಂದು ವಿಷಯ. ಅರಮನೆಯ ಒಂದು ಲಕ್ಷದ ಆಸುಪಾಸಿನ ದೀಪಗಳನ್ನು ತೋರಿಸುವ ಮಾರ್ಗದರ್ಶಿಗಳಲ್ಲಿ ಆ ವಿದ್ಯುತ್ತು ಎಲ್ಲಿಂದ ಬಂತೆಂದು ಹೇಳಿದವರನ್ನು ನಾನು ಕಂಡಿಲ್ಲ. ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆ ಆರಂಭವಾದಾಗ ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ ಬಂತು. ರಾಜಧಾನಿಯಾದ ಮೈಸೂರು 1908ರವರೆಗೆ ಕಾಯಬೇಕಾಯಿತು. ಅದನ್ನು ಉತ್ಪಾದಿಸಿದ ನೀರು ಯಾವ ಬೆಟ್ಟದಿಂದ ಹರಿದು ಹೋದದ್ದೆಂದು ತಲಕಾವೇರಿಯ ಜಿಲ್ಲೆಯವರಾದ ನಮಗೆ ಯಾರೂ ಹೇಳಬೇಕಾಗಿಲ್ಲ.

ಗೋಣಿಕೊಪ್ಪದ ಚಾಲಕ:

ಮೇಷ್ಟ್ರಿಗೆ ನಮಸ್ಕಾರ. ನಾನು ಇಪ್ಪತ್ತು ವರ್ಷಗಳಿಂದ ಬಾಡಿಗೆ ವಾಹನ ಓಡಿಸುತ್ತಿದ್ದೇನೆ, ಆದ್ದರಿಂದ ಚಕ್ರದ ಕಡೆಯಿಂದ ಎರಡು ಮಾತು.

ಮೊದಲನೆಯದು, ಮೈಸೂರಿನ ದೀಪ ನೋಡಿ ಅದೇ ರಾತ್ರಿ ಊರಿಗೆ ಮರಳುವ ಆಸೆ ಬೇಡ. ಮಡಿಕೇರಿಗೆ ಸುಮಾರು 120 ಕಿಲೋಮೀಟರ್ ದಾರಿ. ದಕ್ಷಿಣ ಕೊಡಗಿನವರು ತಿತಿಮತಿಯ ಕಡೆಯಿಂದ ಬರುವುದಾದರೆ ಆನೆಚೌಕೂರಿನ ಕಾಡು ದಾಟಬೇಕು, ಅಲ್ಲಿ ರಸ್ತೆಯ ಮಧ್ಯೆ ನಿಂತ ಒಂಟಿ ಸಲಗಕ್ಕೆ ನಮ್ಮ ಅವಸರ ತಿಳಿಯುವುದಿಲ್ಲ. ನಮ್ಮ ಜಿಲ್ಲೆಗೆ ರೈಲು ಇಲ್ಲ, ಕಡೆಯ ಬಸ್ಸು ತಪ್ಪಿದರೆ ಲಾಡ್ಜೇ ಗತಿ. ಸಂಜೆ ಸವಾರಿಗೆ ಹೋಗುವವರು ರಾತ್ರಿ ಉಳಿಯುವ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ಎರಡನೆಯದು ಮಡಿಕೇರಿಯ ವಿಚಾರ. ಮೈಸೂರು ಸಮತಟ್ಟು, ಅಲ್ಲಿ ಕುದುರೆ ಓಡುತ್ತದೆ. ನಮ್ಮಲ್ಲಿ ಕೋಟೆಯಿಂದ ಇಳಿದು ಮಹದೇವಪೇಟೆ ದಾಟಿ ಗದ್ದಿಗೆಯ ಏರು ಹತ್ತಬೇಕೆಂದರೆ ಕುದುರೆಗೂ ಪಾಪ, ಕುಳಿತವರಿಗೂ ಭಯ. ದೊಡ್ಡ ಬಸ್ಸಂತೂ ಆ ತಿರುವುಗಳಲ್ಲಿ ಒಮ್ಮೆ ಸಿಕ್ಕಿಕೊಂಡರೆ ಊರಿಗೆ ಊರೇ ನಿಲ್ಲುತ್ತದೆ. ಜೀಪು ಅಥವಾ ಆಟೋ, ಅದೂ ಶನಿವಾರ, ಭಾನುವಾರ ಬಿಟ್ಟು.

ನಾನೇ ಪ್ರಯಾಣಿಕನಾಗಿ ಅನುಭವಿಸಿದ್ದನ್ನೂ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಹೊರರಾಜ್ಯದ ಒಂದು ಹಳೆಯ ನಗರದಲ್ಲಿ ಇಂಥ ಸಂಜೆ ಸವಾರಿಗೆ ಹಣ ಕೊಟ್ಟು ಕುಳಿತೆ. ಮಾರ್ಗದರ್ಶಿ ಮುಂದಿನ ಸೀಟಿನಲ್ಲಿ ಚಾಲಕನೊಡನೆ ಹರಟುತ್ತಿದ್ದ, ನಮಗೆ ಕೇಳಿಸಿದ್ದು ಧ್ವನಿಮುದ್ರಿತ ವಿವರಣೆ. ವಾಹನ ದಟ್ಟಣೆಯಲ್ಲಿ ನಿಂತರೂ ಮುದ್ರಿಕೆ ನಿಲ್ಲಲಿಲ್ಲ. ನಾವು ತರಕಾರಿ ಸಂತೆಯೊಂದನ್ನು ನೋಡುತ್ತಿದ್ದಾಗ ‘ನಿಮ್ಮ ಬಲಗಡೆ ಕಾಣುವ ಭವ್ಯ ಸಮಾಧಿ’ ಎಂದಿತು. ಬಲಗಡೆ ಎಲೆಕೋಸು ರಾಶಿ ಹಾಕಿದ್ದರು. ಅಂದಿನಿಂದ ನಾನು ವಾಹನವನ್ನಲ್ಲ, ಬಾಯಿಯನ್ನು ವಿಚಾರಿಸಿ ಹಣ ಕೊಡುತ್ತೇನೆ.

ಮಂಜಿನ ಮನೆ, ಮಡಿಕೇರಿ:

ಪಟ್ಟಣದೊಳಗೇ ವಾಸಿಸುವವಳಾಗಿ ನನ್ನ ಆಕ್ಷೇಪವನ್ನು ದಾಖಲಿಸುತ್ತೇನೆ. ವಾರಾಂತ್ಯದಲ್ಲಿ ನಮ್ಮ ಬೀದಿಯಲ್ಲಿ ಹಾಲು ತರಲು ಹೋಗುವುದೂ ಕಷ್ಟವಾಗಿರುವಾಗ ಇನ್ನೊಂದು ಸವಾರಿ ಏಕೆ? ಗದ್ದಿಗೆಯ ಬಳಿ ದೀಪ ಹಾಕಿ, ಧ್ವನಿವರ್ಧಕ ಕಟ್ಟಿ, ಬಣ್ಣ ಬದಲಿಸುವ ಬೆಳಕು ಬಿಡುತ್ತೇವೆಂದು ನಾಳೆ ಯಾರಾದರೂ ಬಂದರೆ ತಡೆಯುವವರು ಯಾರು? ಅದು ಸಮಾಧಿಸ್ಥಳ. ಓಂಕಾರೇಶ್ವರದಲ್ಲಿ ಸಂಜೆ ಪೂಜೆಗೆ ಬಂದವರು ದೇವರನ್ನು ನೋಡಬೇಕೋ, ಅವರನ್ನು ನೋಡಲು ಬಂದವರನ್ನು ನೋಡಬೇಕೋ?

ದೀಪದ ವೈಭವ ಬೇಕಿದ್ದರೆ ನಮ್ಮ ದಸರೆಯಿದೆ. ನಾಲ್ಕು ಕರಗಗಳು ಹೊರಡುವುದರಿಂದ ಹಿಡಿದು ವಿಜಯದಶಮಿಯ ರಾತ್ರಿ ದಶಮಂಟಪಗಳು ಬೀದಿಗೆ ಇಳಿಯುವವರೆಗೆ ಊರೇ ಬೆಳಗುತ್ತದೆ. ಉಳಿದ ರಾತ್ರಿಗಳನ್ನಾದರೂ ಮಂಜಿಗೆ ಬಿಡಿ.

ಹಾಕತ್ತೂರಿನವ:

ಮೊದಲಿಗೆ, ಗಡಿಯಾರದ ತಪ್ಪು ನನ್ನದೇ, ಮಾರ್ಗದರ್ಶಿಯದಲ್ಲ. ಅವ್ವನಿಗೆ ಓದಿ ಹೇಳಿದಾಗ, ‘ಅವರು ಚಿಕ್ಕದು ಎಂದೇ ಹೇಳಿದ್ದರು, ನೀನು ಮಲ್ಲಿಗೆಯ ಬೆಲೆ ವಿಚಾರಿಸುತ್ತಿದ್ದೆ’ ಎಂದರು.

ಅಕ್ಕನವರ ಆಕ್ಷೇಪ ನನಗೂ ಒಪ್ಪಿಗೆಯೇ. ನಾನು ಬಸ್ಸನ್ನಾಗಲಿ ಬಣ್ಣದ ದೀಪವನ್ನಾಗಲಿ ಕೇಳುತ್ತಿಲ್ಲ. ಮೈಸೂರಿನ ಸಂಜೆ ಬೆಳಕಿನ ಕಡೆಗೆ ಸಾಗುತ್ತದೆ, ಏಳು ಗಂಟೆಗೆ ಅದರ ತುದಿ. ನಮ್ಮ ಊರಿನ ಸಂಜೆ ಕತ್ತಲಿನ ಕಡೆಗೆ ಸಾಗುತ್ತದೆ. ಆದ್ದರಿಂದ ನಮ್ಮ ಸವಾರಿ ಮೈಸೂರಿನ ನಕಲಾಗಿದ್ದರೆ ಕೆಡುತ್ತದೆ. ಬೆಳಕು ಆರುವ ಒಂದೂವರೆ ಗಂಟೆಯಲ್ಲಿ ಆರೇಳು ಜನರಿಗೆ ಒಬ್ಬರು ತಗ್ಗಿದ ದನಿಯಲ್ಲಿ ಊರಿನ ಕಥೆ ಹೇಳಿದರೆ ಸಾಕು. ಮೇಷ್ಟ್ರೇ, ತಾವು ಹೇಳುವುದಾದರೆ ಯಾವ ಕ್ರಮದಲ್ಲಿ ಕರೆದುಕೊಂಡು ಹೋಗುತ್ತೀರಿ?

ವಿರಾಜಪೇಟೆಯ ಮೇಷ್ಟ್ರು:

ಕೇಳಿದಿರಿ, ಇನ್ನು ಸಹಿಸಿಕೊಳ್ಳಿ.

ಆರಂಭ ಕೋಟೆಯಿಂದಲೇ ಆಗಬೇಕು, ಅದೂ ಕತ್ತಲಿಗೆ ಬಹಳ ಮೊದಲು. ಮುದ್ದುರಾಜನು 1681ರಲ್ಲಿ ಇಲ್ಲಿ ನೆಲೆಯೂರಿದ್ದರಿಂದಲೇ ಊರು ಮುದ್ದುರಾಜಕೇರಿಯಾಗಿ, ಬಾಯಿಂದ ಬಾಯಿಗೆ ಸವೆದು ಮಡಿಕೇರಿಯಾಯಿತು. ಮಣ್ಣಿನ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿದವನು ಟಿಪ್ಪು, ಒಳಗಿನ ಈಗಿನ ಅರಮನೆ ಲಿಂಗರಾಜೇಂದ್ರನ ಕಾಲದ್ದು, 1834ರ ನಂತರ ಅಲ್ಲಿ ಕುಳಿತವರು ಇಂಗ್ಲಿಷರು. ಒಂದೇ ಅಂಗಳದಲ್ಲಿ ಇಷ್ಟು ಒಡೆಯರು ಬದಲಾದದ್ದನ್ನು ತೋರಿಸಿದ ಮೇಲೆ ಆ ಎರಡು ಗಾರೆಯ ಆನೆಗಳ ಬಳಿ ನಿಲ್ಲಿಸಬೇಕು. ದಿನವೂ ನಮಸ್ಕರಿಸುತ್ತಿದ್ದ ಆನೆಗಳನ್ನು ಅರಸನು ಕೋಪದಲ್ಲಿ ಕೊಲ್ಲಿಸಿ, ಪಶ್ಚಾತ್ತಾಪದಿಂದ ಈ ಪ್ರತಿಮೆಗಳನ್ನು ಮಾಡಿಸಿದನೆಂಬುದು ಜನರ ಮಾತು. ಕಥೆಯನ್ನು ಕಥೆಯೆಂದೇ ಹೇಳಬೇಕು, ಆದರೆ ಹೇಳದೆ ಇರಬಾರದು.

ಎರಡನೆಯದು ಗದ್ದಿಗೆ. ಹೆಚ್ಚಿನವರು ಗುಮ್ಮಟಗಳನ್ನೂ ಮೂಲೆಯ ಮಿನಾರುಗಳನ್ನೂ ಕಂಡು ಇದು ಯಾವ ನವಾಬನದೆಂದು ಕೇಳುತ್ತಾರೆ. ದೊಡ್ಡ ವೀರರಾಜೇಂದ್ರ ಮತ್ತು ಮಹದೇವಮ್ಮಾಜಿಯವರು, ಲಿಂಗರಾಜೇಂದ್ರ ಮತ್ತು ದೇವಮ್ಮಾಜಿಯವರು ಅಲ್ಲಿರುವ ಲಿಂಗಾಯತ ಅರಸು ದಂಪತಿಗಳು. ಗುಮ್ಮಟದ ಕೆಳಗೆ ಬಸವ ಕುಳಿತಿರುವುದನ್ನು ತೋರಿಸಿದರೆ ಪ್ರಶ್ನೆಗೆ ಉತ್ತರ ತಾನೇ ಸಿಗುತ್ತದೆ. ಹತ್ತಿರದಲ್ಲೇ ಸೇನಾನಿ ಬಿದ್ದಂಡ ಬೋಪುವಿನ ಸಮಾಧಿಯಿದೆ. ಅರಸರ ಸಮಾಧಿಗಳಷ್ಟೇ ನೋಡಿ ತಿರುಗುವವರು ಅದನ್ನು ತಪ್ಪಿಸಿಕೊಳ್ಳುತ್ತಾರೆ.

ಅಲ್ಲಿಂದ ಓಂಕಾರೇಶ್ವರ, 1820ರ ಕಟ್ಟಡ. ಮತ್ತೆ ಅದೇ ಗುಮ್ಮಟ, ಅದೇ ಮಿನಾರು, ಆದರೆ ಈ ಸಲ ಒಳಗೆ ಶಿವ, ಎದುರಿಗೆ ಕೊಳ. ಗದ್ದಿಗೆ ನೋಡಿದ ಹತ್ತು ನಿಮಿಷಕ್ಕೇ ಇದನ್ನು ನೋಡಿದರೆ ಎರಡೂ ಒಂದೇ ಕೈಯ ಬರವಣಿಗೆಯೆಂದು ಮಕ್ಕಳಿಗೂ ತಿಳಿಯುತ್ತದೆ.

ಕೊನೆಗೆ ರಾಜಾಸೀಟು. ಅಲ್ಲಿ ಎಲ್ಲರೂ ಸೂರ್ಯಾಸ್ತದ ಕಡೆ ನೋಡುವಾಗ ನಾನು ಚಿಕ್ಕವೀರರಾಜೇಂದ್ರನ ಮಾತು ತೆಗೆಯುತ್ತೇನೆ. 1834ರಲ್ಲಿ ರಾಜ್ಯ ಕಳೆದುಕೊಂಡು, ಕಾಶಿಯಲ್ಲಿದ್ದು, ಮಗಳು ಗೌರಮ್ಮನೊಡನೆ 1852ರಲ್ಲಿ ಲಂಡನ್ನಿಗೆ ಹೋಗಿ, 1859ರಲ್ಲಿ ಅಲ್ಲಿಯೇ ತೀರಿಕೊಂಡವನು ಅವನು. ಕ್ರೂರಿಯೆಂದು ಹೆಸರಾದ ಅರಸ, ಸಂಶಯವಿಲ್ಲ. ಆದರೂ ಅವನು ಕೊನೆಯುಸಿರೆಳೆದ ಊರಿನಲ್ಲಿ ಈ ಕಣಿವೆ ಇರಲಿಲ್ಲ.

ಗೋಣಿಕೊಪ್ಪದ ಚಾಲಕ:

ಮೇಷ್ಟ್ರೇ, ಕಥೆಗೆ ನಿಮ್ಮ ಕ್ರಮ ಸರಿ, ಸೂರ್ಯನಿಗೆ ಸರಿಯಲ್ಲ. ನವೆಂಬರಿನಲ್ಲಿ ಆರು ಗಂಟೆಯ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತಾನೆ. 4 ಗಂಟೆಗೇ ಕೋಟೆಯ ಬಳಿ ಸೇರಿದರೆ ಮಾತ್ರ ನಾಲ್ಕೂ ಸ್ಥಳ ಮುಟ್ಟಲು ಸಾಧ್ಯ. ಇಲ್ಲವಾದರೆ ಓಂಕಾರೇಶ್ವರವನ್ನು ಕೊನೆಗೆ ಇಡಿ. ಕೊಳದ ನೀರಿಗೆ ಗುಡಿಯ ದೀಪ ಬೀಳುವುದನ್ನು ನೋಡಲು ಕತ್ತಲೇ ಬೇಕು, ರಾಜಾಸೀಟಿಗೆ ಕತ್ತಲಿನಿಂದ ಉಪಯೋಗವಿಲ್ಲ. ಮಾತು ಬೆಳೆಸುವುದಕ್ಕಿಂತ ಒಮ್ಮೆ ಮಾಡಿಯೇ ನೋಡೋಣ. ಬುಧವಾರ ನನ್ನ ಜೀಪು ಖಾಲಿಯಿದೆ, ಡೀಸೆಲ್ಲಿನ ಹಣ ಹಂಚಿಕೊಂಡರೆ ಸಾಕು.

ಕುಶಾಲನಗರದ ಸೊಸೆ:

ನಾನೂ ನಮ್ಮ ಅತ್ತೆಯೂ ಬರುತ್ತೇವೆ. ಒಂದು ಪ್ರಶ್ನೆ, ಗಂಡಸರು ಕೇಳುವುದಿಲ್ಲವಾದ್ದರಿಂದ ನಾನೇ ಕೇಳುತ್ತೇನೆ: ನಡುವೆ ಶೌಚಾಲಯಕ್ಕೆ ಎಲ್ಲಿ ನಿಲ್ಲಿಸುತ್ತೀರಿ? ಅರವತ್ತು ದಾಟಿದವರನ್ನು ಚಳಿಯ ಸಂಜೆ ಎರಡು ಗಂಟೆ ಸುತ್ತಿಸುವುದಾದರೆ ಇತಿಹಾಸಕ್ಕಿಂತ ಮೊದಲು ಅದರ ವ್ಯವಸ್ಥೆಯಾಗಬೇಕು.

ಗೋಣಿಕೊಪ್ಪದ ಚಾಲಕ:

ರಾಜಾಸೀಟಿನ ಉದ್ಯಾನದ ಬಳಿ ಸಿಗುತ್ತದೆ, ಅಮ್ಮ. ಅದಕ್ಕಿಂತ ಮೊದಲು ಬೇಕಾದರೆ ಹೇಳಿದ ಕೂಡಲೇ ಪರಿಚಿತ ಹೋಟೆಲಿನ ಎದುರು ನಿಲ್ಲಿಸುತ್ತೇನೆ. ಕಾಫಿಯ ನೆಪವೂ ಆಗುತ್ತದೆ.

ಹಾಕತ್ತೂರಿನವ:

ಬುಧವಾರದ ವರದಿ. ಜೀಪಿನಲ್ಲಿ ಏಳು ಜನ, ಮೇಷ್ಟ್ರು ಮುಂದಿನ ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ ಕುಳಿತರು. ಪರಿಣಾಮವಾಗಿ ಅವರಿಗೆ ಮರುದಿನ ಕುತ್ತಿಗೆ ಹಿಡಿದುಕೊಂಡಿದೆಯೆಂದು ತಿಳಿಯಿತು.

ಕೋಟೆಯಲ್ಲಿ ನಿರೀಕ್ಷೆಗಿಂತ ಹೆಚ್ಚು ಹೊತ್ತು ಕಳೆದೆವು. ಗಾರೆಯ ಆನೆಯ ಕಾಲ ಬಳಿ ನಿಂತು ಅವ್ವ ಅದರ ಉಗುರುಗಳನ್ನು ಒಂದೊಂದಾಗಿ ಎಣಿಸಿದರು. ಕಣ್ಣಿನ ಶಸ್ತ್ರಚಿಕಿತ್ಸೆ ಇನ್ನೂ ಆಗಿಲ್ಲವಾದ್ದರಿಂದ ಮುಖವನ್ನು ಹತ್ತಿರಕ್ಕೆ ಒಯ್ದು ನೋಡುತ್ತಿದ್ದರು. ಗದ್ದಿಗೆಯಲ್ಲಿ ಮೇಷ್ಟ್ರು ಮೊದಲ ಐದು ನಿಮಿಷ ಏನನ್ನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕೆಳಗೆ ಪಟ್ಟಣದ ಮನೆಗಳಲ್ಲಿ ಒಂದೊಂದೇ ದೀಪ ಹೊತ್ತಿಕೊಳ್ಳುತ್ತಿದ್ದುದು ಕಾಣುತ್ತಿತ್ತು, ಕುಕ್ಕರಿನ ಸೀಟಿಯೂ ಕೇಳಿಸುತ್ತಿತ್ತು.

ರಾಜಾಸೀಟಿಗೆ ಮುಟ್ಟುವಷ್ಟರಲ್ಲಿ ಮಂಜು ಬಂತು. ಸೂರ್ಯನಿಲ್ಲ, ಕಣಿವೆಯಿಲ್ಲ, ಹತ್ತು ಅಡಿ ದೂರದ ಕಟಾಂಜನವೂ ಇಲ್ಲ. ಹೊರಗಿನಿಂದ ಬಂದಿದ್ದ ಪ್ರವಾಸಿಗರು ಗೊಣಗುತ್ತಾ ಹೊರಟುಹೋದರು. ಮೇಷ್ಟ್ರು ಆ ಬಿಳುಪಿಗೆ ಎದುರಾಗಿ ನಿಂತು ಲಂಡನ್ನಿನ ಕಥೆ ಹೇಳಿದರು. ಕಾಣಿಸದ ಕಣಿವೆಯ ಮುಂದೆ ಆ ಕಥೆ ಇನ್ನಷ್ಟು ಚೆನ್ನಾಗಿ ಕೂತಿತು ಎಂದು ನನಗನ್ನಿಸಿತು. ಚಾಲಕ ಅಣ್ಣನವರು ಮಾತ್ರ ‘ಸೂರ್ಯನಿಗೆ ಹಣ ವಾಪಸ್ಸು ಕೊಡಬೇಕಾದೀತು’ ಎಂದರು. ಓಂಕಾರೇಶ್ವರದ ಕೊಳದ ವಿಷಯದಲ್ಲಿ ಅವರ ಮಾತೇ ಗೆದ್ದಿತು. ನೀರಿನ ನಡುವಿನ ಮಂಟಪ ಮಂಜಿನಲ್ಲಿ ಅರ್ಧ ಕರಗಿ, ನೀರಿನೊಳಗಿನ ಪ್ರತಿಬಿಂಬವಷ್ಟೇ ಸ್ಪಷ್ಟವಾಗಿತ್ತು.

ಡೀಸೆಲ್, ಕಾಫಿ ಸೇರಿ ತಲೆಗೆ ನೂರೈವತ್ತು ರೂಪಾಯಿ ಆಯಿತು. ಧ್ವನಿವರ್ಧಕವಿರಲಿಲ್ಲ, ಹಾರನ್ ಒಮ್ಮೆ ಮಾತ್ರ ಬಾರಿಸಿದ್ದು, ಅದೂ ದನವೊಂದಕ್ಕೆ.

ಮಂಜಿನ ಮನೆ, ಮಡಿಕೇರಿ:

ನಿಮ್ಮ ಜೀಪು ನಮ್ಮ ಮನೆಯ ಮುಂದೆಯೇ ಹಾದುಹೋಯಿತಂತೆ, ನನಗೆ ತಿಳಿಯಲೇ ಇಲ್ಲ. ತಿಳಿಯದೆ ಹೋದದ್ದರಿಂದಲೇ ಕೇಳುತ್ತಿದ್ದೇನೆ: ಮುಂದಿನ ಬುಧವಾರ ಒಂದು ಜಾಗ ಉಳಿದಿದೆಯೇ? ಹುಟ್ಟಿದಾಗಿನಿಂದ ಇದೇ ಊರಿನಲ್ಲಿದ್ದೂ ಬಿದ್ದಂಡ ಬೋಪುವಿನ ಸಮಾಧಿ ಎಲ್ಲಿದೆಯೆಂದು ಮೇಷ್ಟ್ರ ಬರಹ ಓದುವವರೆಗೆ ನನಗೆ ಗೊತ್ತಿರಲಿಲ್ಲ.

ಗೋಣಿಕೊಪ್ಪದ ಚಾಲಕ:

ಹಿಂದಿನ ಸೀಟಿನಲ್ಲಿ ಒಂದು ಇದೆ, ಅಕ್ಕ. ಮುಂದಿನದನ್ನು ಕೇಳಬೇಡಿ, ಮೇಷ್ಟ್ರು ಈ ಸಲ ಕುತ್ತಿಗೆಗೆಂದು ದಿಂಬು ತರುತ್ತಾರಂತೆ.